ರಿಜಿಸ್ಟರಿನ ಇಂಕು ಕಲೆ ಮತ್ತು ನಮ್ಮ ಸರಾಸರಿ ಮೇಷ್ಟ್ರು

ಹೆಡ್‌ಮೇಷ್ಟ್ರು ಫೋನ್ ಮಾಡಿ, ಮ್ಯಾಗಜೀನ್‌ಗೆ ಏನಾದ್ರೂ ಬರೆದುಕೊಡಿ ಸಾರ್, ಹಳೇ ವಿದ್ಯಾರ್ಥಿಗಳು ಅಂದ ತಕ್ಷಣ ಮೊದಲು ನೆನಪಾಗಿದ್ದೇ ನೀವು ಅಂದ್ರು. ಸುಳ್ಳು ಯಾಕೆ, ಒಳಗೊಳಗೇ ಉಬ್ಬಿಹೋದೆ. ಆಮೇಲೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ವಿಚಾರಿಸಿದ್ರೆ ಇನ್ನೂ ಆರು ಜನಕ್ಕೆ ಇದೇ ಮಾತು ಹೇಳಿದ್ದಾರೆ. ಇರ್ಲಿ ಬಿಡಿ, ಬರೆಯೋದು ಹೇಗೂ ನನ್ನ ಬಗ್ಗೆ ಅಲ್ಲ, ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ ನಮ್ಮ ಲೆಕ್ಕದ ಮೇಷ್ಟ್ರ ಬಗ್ಗೆ.

ಅವರಿಗೆ ನಾವಿಟ್ಟ ಹೆಸರು ಸರಾಸರಿ ಮೇಷ್ಟ್ರು. ಬೀಜಗಣಿತ, ರೇಖಾಗಣಿತ ಎಲ್ಲಾ ಅವರೇ ಮಾಡ್ತಿದ್ರು, ಅದರಲ್ಲಿ ಒಂದಕ್ಷರ ಈಗ ತಲೇಲಿ ಉಳಿದಿಲ್ಲ, ಆದ್ರೆ ಸರಾಸರಿ ಮಾತ್ರ ಮರೆಯೋ ಹಾಗೇ ಇಲ್ಲ ಯಾಕಂದ್ರೆ ಯಾವ ಪಾಠ ಶುರು ಮಾಡಿದ್ರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲೋರು. ಕಾರಣ ಕ್ರಿಕೆಟ್ಟು. ನಮ್ಮೂರು ಭದ್ರಾವತಿ ಪಕ್ಕದ್ದು, ಭದ್ರಾವತಿ ಅಂದ್ರೆ ಬೇರೆಯವರಿಗೆ ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲು, ಮೇಷ್ಟ್ರಿಗೆ ಮಾತ್ರ ಅದು ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. ಅವರ ಪ್ರಕಾರ ಊರಿನ ಬೋರ್ಡಲ್ಲೇ ಅದನ್ನ ಬರೆಸಬೇಕಿತ್ತು.

ಎಂಟನೇ ಕ್ಲಾಸಿನ ಮೊದಲನೇ ದಿನ ಬೋರ್ಡ್ ಮೇಲೆ ಬರೆದಿದ್ದು ಇದು. ಕಾನ್ಪುರ, 1969, ಆಸ್ಟ್ರೇಲಿಯಾ ಮೇಲೆ ನಮ್ಮ ಹುಡುಗನ ಮೊದಲನೇ ಟೆಸ್ಟು, ಎರಡು ಇನ್ನಿಂಗ್ಸ್, ಆವರೇಜು 68.5, ಮೊದಲನೇ ಇನ್ನಿಂಗ್ಸಲ್ಲಿ ಸೊನ್ನೆ, ಎರಡನೇದ್ರಲ್ಲಿ ಎಷ್ಟು? ನಾವೆಲ್ಲ 68 ಮುಕ್ಕಾಲು ಅರ್ಧ ಅಂತ ಏನೇನೋ ಕೂಗಿದ್ವಿ, ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು ಸೊನ್ನೆ ಅಂದ್ರೆ ಏನೂ ಇಲ್ಲ ತಾನೇ ಸಾರ್, ಅದನ್ನ ಬಿಟ್ಟುಬಿಡೋಣ ಅಂದ. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ರು. 'ಹೇಗಪ್ಪ ಬಿಡ್ತೀಯ? ಅವನು ಪ್ಯಾಡ್ ಕಟ್ಕೊಂಡು, ನಡ್ಕೊಂಡು ಹೋಗಿ, ನಿಂತು, ಔಟಾಗಿ ವಾಪಸ್ ಬಂದಿದ್ದಾನೆ. ಪರೀಕ್ಷೆಗೆ ಬರದೇ ಇರೋನು ಬೇರೆ, ಬಂದು ಸೊನ್ನೆ ತಗೊಂಡೋನು ಬೇರೆ. ಬಂದೋನನ್ನ ಲೆಕ್ಕಕ್ಕೆ ಹಿಡೀಲೇಬೇಕು.' ಆಮೇಲೆ 68.5ನ್ನ ಎರಡರಿಂದ ಗುಣಿಸಿ 137 ಅಂತ ಬರೆದು, ಅದರಲ್ಲಿ ಸೊನ್ನೆ ಕಳೆದು, ಉಳಿದ 137ರ ಸುತ್ತ ದೊಡ್ಡದೊಂದು ಸೊನ್ನೆ ಸುತ್ತಿ, ನಮಗೆ ಚಪ್ಪಾಳೆ ತಟ್ಟಿ ಅಂದ್ರು. ಅವರು ಹುಟ್ಟಿಸಿಕೊಂಡು ಹೇಳಿದ್ದೇನಲ್ಲ, ನಿಜವಾಗ್ಲೂ ವಿಶ್ವನಾಥ್ ಮೊದಲ ಟೆಸ್ಟಲ್ಲಿ ಹೊಡೆದಿದ್ದೇ ಸೊನ್ನೆ ಮತ್ತು 137.

ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್‌ಮನ್ ಕಥೆ ಅಂತೂ ವರ್ಷಕ್ಕೆ ನಾಲ್ಕು ಸಲ. 1948ರಲ್ಲಿ ಓವಲ್ ಮೈದಾನಕ್ಕೆ ಕೊನೇ ಸಲ ಬ್ಯಾಟ್ ಹಿಡಿದು ಬಂದಾಗ ಅವನ ಹತ್ರ 6996 ರನ್ ಇತ್ತು, 69 ಸಲ ಔಟಾಗಿದ್ದ (ಕ್ರಿಕೆಟ್ಟಲ್ಲಿ ಆವರೇಜು ಅಂದ್ರೆ ಒಟ್ಟು ರನ್ನನ್ನ ಎಷ್ಟು ಸಲ ಔಟಾದ್ರೋ ಅಷ್ಟರಿಂದ ಭಾಗಿಸೋದು), 70ನೇ ಸಲ ಔಟಾಗೋ ಮುಂಚೆ ಎಷ್ಟು ಹೊಡೆದ್ರೆ ಆವರೇಜು ಸರಿಯಾಗಿ 100 ಉಳಿಯುತ್ತೆ? 70 ನೂರಲೆ ಏಳು ಸಾವಿರ, ಅಂದ್ರೆ ನಾಲ್ಕೇ ನಾಲ್ಕು ರನ್. ಇಂಗ್ಲೆಂಡಿನ ಬೌಲರ್ ಹಾಲಿಸ್ ಎಸೆದ ಎರಡನೇ ಬಾಲಿಗೇ ಬೌಲ್ಡ್, ಸೊನ್ನೆ, ಆವರೇಜು 99.94. ಇಲ್ಲಿ ಮೇಷ್ಟ್ರ ದನಿ ಸಣ್ಣಗಾಗೋದು, ಅವರ ಮನೇಲೇ ಏನೋ ಆಗಿದೆ ಅನ್ನೋ ಹಾಗೆ. ಆಮೇಲೆ ತಕ್ಷಣ ಮೇಷ್ಟ್ರಾಗಿಬಿಡೋರು, ಈಗ ಹಿಂದಕ್ಕೆ ಹೋಗ್ರೋ ನೋಡೋಣ, 99.94ನ್ನ 70ರಿಂದ ಗುಣಿಸಿ ಅಂತ. 6995.8 ಬರುತ್ತೆ. ಎಂಟು ಪಾಯಿಂಟು ಎಲ್ಲಿಂದ ಬಂತು, ಅರ್ಧ ಮುಕ್ಕಾಲು ರನ್ ಓಡಿದ್ನಾ? ಪೇಪರಿನವರು ಕಟ್ ಮಾಡಿ ಬರೆದ ಸರಾಸರಿ ಸ್ವಲ್ಪ ಸುಳ್ಳು ಹೇಳುತ್ತೆ, ಎಷ್ಟು ಜನರಿಂದ ಗುಣಿಸ್ತೀರೋ ಆ ಸುಳ್ಳೂ ಅಷ್ಟು ಪಟ್ಟು ಬೆಳೆಯುತ್ತೆ, ರನ್ನು ಮಾರ್ಕ್ಸು ಮಕ್ಕಳು ಇವೆಲ್ಲ ಚೂರು ಚೂರಾಗಿ ಬರಲ್ಲ ಅಂತ ನೆನಪಿಟ್ಕೊಂಡು ಸರಿ ಮಾಡ್ಕೋಬೇಕು ಅನ್ನೋರು. ಇದನ್ನ ನನಗೆ ಆಮೇಲೆ ಯಾವ ಕಾಲೇಜಲ್ಲೂ ಯಾರೂ ಹೇಳಿಕೊಟ್ಟಿಲ್ಲ.

ಪಿ.ಟಿ. ಮೇಷ್ಟ್ರ ಬಗ್ಗೆನೂ ಎರಡು ಮಾತು ಬರೀಬೇಕು, ವಿಸಿಲ್ ಕಚ್ಚಿಕೊಂಡೇ ಮಾತಾಡ್ತಿದ್ರು, ಹಂಗಾಗಿ ಮೂರು ವರ್ಷ ಅವರು ಏನು ಹೇಳಿದ್ರೋ ನಮಗೆ ಯಾರಿಗೂ ಗೊತ್ತಿಲ್ಲ.

ಈಗ ಇಂಕಿನ ವಿಷಯ. 1992, ಒಂಬತ್ತನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆ, ಲೆಕ್ಕದಲ್ಲಿ 50ಕ್ಕೆ ನನಗೆ 7. ಪೇಪರ್ ಕೊಟ್ಟ ದಿನ ಜ್ವರ ಅಂತ ಮನೇಲಿ ಮಲಗಿದ್ದೆ, ಕ್ಲಾಸಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಮೇಷ್ಟ್ರು ಸ್ಟಾಫ್ ರೂಮಿಂದ ಮಾರ್ಕ್ಸ್ ರಿಜಿಸ್ಟರ್ ತಗೊಂಡು ಬಾರೋ ಅಂತ ನನ್ನನ್ನೇ ಕಳಿಸಿದ್ರು, ಎಲ್ಲರೆದುರು ಓದಿ ಹೇಳೋದು ಅವರ ಪದ್ಧತಿ. ನಾನು ತಡವಾಗಿ ಸೇರಿದೋನು, ರೋಲ್ ನಂಬರ್ 38, ಕೊನೇದು, ನನ್ನ ಕೆಳಗೆ ಟೋಟಲ್ಲು. ವರಾಂಡದಲ್ಲಿ ಕಂಬದ ಮರೆಗೆ ನಿಂತು ಪೆನ್ನಿನ ಕುತ್ತಿಗೆ ತಿರುಗಿಸಿ ಇಂಕು ಸುರಿದೆ, ನನ್ನ 7ರ ಮೇಲೆ, ಬುದ್ಧಿವಂತ ನೋಡಿ, ಟೋಟಲ್ಲಿನ ಮೇಲೂ ಸುರಿದೆ. ಪೆನ್ನು ಲೀಕಾಯ್ತು ಸಾರ್ ಅಂತ ಅಳೋ ಮುಖ ಮಾಡಿ ಕೊಟ್ಟೆ.

ಮೇಷ್ಟ್ರು ಕಲೆ ನೋಡಿದ್ರು, ನನ್ನ ನೋಡಿದ್ರು, ಬೈಯಲಿಲ್ಲ. ಈ 38ನೇಯವನ ಮಾರ್ಕ್ಸು ನನಗೂ ಮರೆತುಹೋಗಿದೆ ಕಣ್ರೋ, ಏನ್ ಮಾಡೋಣ ಅಂದ್ರು. ನನ್ನ ಎದೆ ತಣ್ಣಗಾಯ್ತು. ಆಮೇಲೆ ಕೇಳಿದ್ರು, ನಿನ್ನೆ ನಾನು ಕ್ಲಾಸಿನ ಆವರೇಜು ಎಷ್ಟು ಅಂತ ಹೇಳಿ ಉಗಿದಿದ್ದೆ? ಮೂವತ್ತೇಳು ಬಾಯಿ ಒಟ್ಟಿಗೆ, 28.5 ಸಾರ್! ನಾನು ಜ್ವರದಲ್ಲಿ ಮಲಗಿದ್ನಲ್ಲ, ಈ ಆವರೇಜು ಅನ್ನೋದು ಹೊರಗೆ ಓಡಾಡ್ತಿರೋದು ನನಗೆ ಗೊತ್ತೇ ಇರಲಿಲ್ಲ. ರಿಜಿಸ್ಟರಲ್ಲೂ ಮಾರ್ಜಿನ್ನಿನ ಮೇಲ್ಗಡೆ ಕೆಂಪು ಇಂಕಲ್ಲಿ ಅದನ್ನ ಬರೆದಿಟ್ಟಿದ್ರು, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನನ್ನೇ ಬೋರ್ಡಿಗೆ ಕರೆದ್ರು. 28.5ನ್ನ 38ರಿಂದ ಗುಣಿಸು. 1083. ಉಳಿದ 37 ಜನರ ಮಾರ್ಕ್ಸು ಒಂದೊಂದಾಗಿ ಓದಿದ್ರು, ಕ್ಲಾಸೆಲ್ಲ ಕೂಡ್ತು, ಉತ್ತರ ಹೇಳೋಕೆ ನನ್ನ ಜೀವದ ಗೆಳೆಯನನ್ನ ಎಬ್ಬಿಸಿದ್ರು. ಅವನು 1066 ಅಂದ. 17 ಬಂತು! ಒಂದು ಕ್ಷಣ ದೇವರಿದ್ದಾನೆ ಅನ್ನಿಸ್ತು. ಮೇಷ್ಟ್ರು ಅವನ ಪುಸ್ತಕ ಇಸ್ಕೊಂಡು ಕನ್ನಡಕ ಏರಿಸಿ ನೋಡಿ, ದಶಕ ಒಂದು ಬೇಕಂತಲೇ ಬಿಟ್ಟಿದ್ದೀಯಲ್ಲೋ, ಸ್ನೇಹಕ್ಕೆ ಹತ್ತು ಮಾರ್ಕ್ಸ್ ಕೊಟ್ಟೆ, ಸಂತೋಷ, ಆದ್ರೆ ಪಾಸಾಗೋಕೆ 18 ಬೇಕಪ್ಪ, ಕೊಡೋದು ಕೊಟ್ಟೆ ಹನ್ನೊಂದು ಕೊಡಬಾರದಿತ್ತಾ ಅಂದ್ರು. ಕ್ಲಾಸು ಬಿದ್ದು ಬಿದ್ದು ನಗ್ತು. ಮತ್ತೆ ಕೂಡಿದಾಗ 1076. ಉತ್ತರ ನಾನೇ ಬರೆದೆ, ನನ್ನ ಕೈಯಾರೆ, ದೊಡ್ಡದಾಗಿ ಬರಿ ಹಿಂದಿನೋರಿಗೆ ಕಾಣಲ್ಲ ಅಂದ್ರು.

ಶಿಕ್ಷೆ ಏನಪ್ಪ ಅಂದ್ರೆ ತಿಂಗಳು ಪೂರ್ತಿ ಸಂಜೆ ಅವರ ಮನೆಗೆ ಹೋಗೋದು. ಅಮ್ಮ, ಅಂದ್ರೆ ಮೇಷ್ಟ್ರ ಮನೆಯವರು, ಬಾ ಮಗ ಇಂಕು ಅಂತಾನೇ ಕರೆಯೋರು, ಕಾಫಿ ಕೊಡೋರು. ಜಗಲಿ ಮೇಲೆ ಗೋಟಡಿಕೆ ಐದು ಗುಂಪು ಮಾಡಿ ಮೇಷ್ಟ್ರು ಒಂದರ ಮೇಲೆ ಟವೆಲ್ ಮುಚ್ಚೋರು. ಕಾಣೋ ಗುಂಪು 18, 9, 15, 12, ಎಲ್ಲಾ ಸಮ ಮಾಡಿದ್ರೆ ಒಂದೊಂದರಲ್ಲಿ 14. ಪೆನ್ಸಿಲ್ ಮುಟ್ಟಬೇಡ, ಮೊದಲು ಹೇಳು, ಟವೆಲ್ ಕೆಳಗೆ 14ಕ್ಕಿಂತ ಜಾಸ್ತಿನೋ ಕಮ್ಮಿನೋ? 18 ಇರೋನು ಸಾಹುಕಾರ, ನಾಲ್ಕು ಕೊಡ್ತಾನೆ, 15 ಇರೋನು ಒಂದು ಕೊಡ್ತಾನೆ, ಕೈಗೆ ಬಂದಿದ್ದು ಐದು. 9 ಇರೋನಿಗೆ ಐದು ಬೇಕು, 12 ಇರೋನಿಗೆ ಎರಡು, ಬೇಕಾಗಿದ್ದು ಏಳು. ಇನ್ನೂ ಎರಡು ಕಮ್ಮಿ ಬಿತ್ತು, ಅದನ್ನ ಯಾರು ಕೊಡಬೇಕು? ಟವೆಲ್ ಕೆಳಗಿರೋನು. ಅಂದ್ರೆ ಅವನ ಹತ್ರ 16. ಈಗ ನಿನ್ನ ಪುಸ್ತಕದ ರೀತಿ ಮಾಡು, ಐದು ಹದಿನಾಲ್ಕಲೆ 70, ಕಾಣೋದು 54, ಕಳೆದ್ರೆ 16. ಟವೆಲ್ ಎತ್ತಿ ಎಣಿಸಿದಾಗ ಹದಿನಾರು ಸಿಕ್ಕಿದ್ದಕ್ಕೆ ಆದ ಖುಷಿ ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ 84 ಬಂದಾಗಲೂ ಆಗಲಿಲ್ಲ. (84, ಹೌದು. ಗ್ರೂಪಲ್ಲಿ ಕೆಲವರು ಅನುಮಾನ ಪಡ್ತಾರೆ, ಮಾರ್ಕ್ಸ್ ಕಾರ್ಡ್ ಇದೆ.)

ಈಗಿನ ಮಕ್ಕಳನ್ನ ಬೈಯೋಕೆ ನನಗೆ ಇಷ್ಟ ಇಲ್ಲ, ಬೈದ್ರೆ ನಮ್ಮ ಮನೇಲಿ ಊಟ ಸಿಗಲ್ಲ. ನನ್ನ ಮಗಳು ಏಳನೇ ಕ್ಲಾಸು, ಬೆಂಗಳೂರಲ್ಲಿ, ಫೀಸು ಎಷ್ಟು ಅಂತ ಇಲ್ಲಿ ಬರೆಯಲ್ಲ. ಮಿಸ್ಸಿಂಗ್ ವ್ಯಾಲ್ಯೂ ಲೆಕ್ಕ ಹತ್ತು ಸೆಕೆಂಡಲ್ಲಿ ಮಾಡ್ತಾಳೆ, ಆ್ಯಪಲ್ಲಿ ಫಾರ್ಮುಲಾ ಇದೆ. ಒಂದಿನ ಬೇಕಂತಲೇ ಕೊಟ್ಟೆ, ಐದು ಮಕ್ಕಳ ಸರಾಸರಿ ವಯಸ್ಸು 10, ನಾಲ್ಕು ಜನರದ್ದು 12, 14, 15, 12, ಐದನೇ ಮಗುಗೆ ಎಷ್ಟು? 50ರಲ್ಲಿ 53 ಕಳೆದು ಮೈನಸ್ ಮೂರು ಅಂತ ಬರೆದು ಅಡಿಗೆರೆ ಎಳೆದು ಕೊಟ್ಲು. ಮಗು ಇನ್ನೂ ಹುಟ್ಟೋಕೆ ಮೂರು ವರ್ಷ ಇದೆಯಲ್ಲೇ ಪುಟ್ಟಿ ಅಂದ್ರೆ, ಮೆಥಡ್ ಕರೆಕ್ಟ್ ಅಲ್ವಾ ಅಪ್ಪ, ಮಾರ್ಕ್ಸ್ ಕೊಡ್ತಾರೆ ಅಂದ್ಲು. ಕೊಟ್ರೂ ಕೊಡ್ತಾರೆ. ಟವೆಲ್ ಕೆಳಗೆ ಜಾಸ್ತಿನೋ ಕಮ್ಮಿನೋ ಅಂತ ಅವಳನ್ನ ಯಾರೂ ಕೇಳಿಲ್ಲ, ಕೇಳೋ ಮೇಷ್ಟ್ರಿಗೆ ಟೈಮೂ ಕೊಡಲ್ಲ ಬಿಡಿ, ಅವರಿಗೆ ದಿನಾ ಮೊಬೈಲಲ್ಲಿ ಏನೇನೋ ಅಪ್‌ಲೋಡ್ ಮಾಡೋ ಕೆಲಸ.

ಜನವರಿಯಲ್ಲಿ ನಮ್ಮ ಬ್ಯಾಚಿನ ಗುರುವಂದನೆ ಇತ್ತು. ಮೇಷ್ಟ್ರ ಫೋಟೋಗೆ ಹಾರ ಹಾಕಿದ್ರು, ಅಮ್ಮ ಬಂದಿದ್ರು, ನನ್ನ ಹೆಸರು ಹೊಳೀಲಿಲ್ಲ ಅವರಿಗೆ, ಇಂಕು ಅಲ್ವೇನೋ ಅಂದ್ರು. ನಾನು ಭಾಷಣ ಮಾಡಿದೆ, ಚೆನ್ನಾಗಿತ್ತು ಅಂತ ನಾಲ್ಕೈದು ಜನ ಹೇಳಿದ್ರು. ನಾನು ಕೊಡಿಸಿದ ಎರಡು ಫ್ಯಾನ್ ಹಾಲಲ್ಲಿ ತಿರುಗ್ತಿತ್ತು, ರೆಕ್ಕೆ ಮೇಲೆ ನನ್ನ ಹೆಸರು ಬರೆಸಿದ್ದಾರೆ, ನಿಂತಾಗ ಮಾತ್ರ ಓದೋಕಾಗುತ್ತೆ.

ಹೆಡ್‌ಮೇಷ್ಟ್ರು ಬೀರುವಿನಿಂದ ಹಳೇ ರಿಜಿಸ್ಟರ್‌ಗಳನ್ನ ತೆಗೆಸಿ ಮೇಜಿನ ಮೇಲೆ ಇಡಿಸಿದ್ರು, ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕೋಕೆ ಮುಗಿಬಿದ್ವಿ. 1992ರದ್ದು ಸಿಕ್ತು. ಕಲೆ ಹಾಗೇ ಇತ್ತು, ನೀಲಿ ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕ ಏಳು ಅಂತ ಮೇಷ್ಟ್ರು ತಿದ್ದಿ ಬರೆದಿರ್ತಾರೆ ಅಂದ್ಕೊಂಡಿದ್ದೆ, ಬರೆದಿರಲಿಲ್ಲ. ಟೋಟಲ್ಲೂ ತಿದ್ದಿರಲಿಲ್ಲ. ಮಾರ್ಜಿನ್ನಿನಲ್ಲಿ ಕೆಂಪು ಇಂಕಿನ 28.5 ಮಾತ್ರ ಇತ್ತು. ನಾನು ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ನಿಂತಿದ್ದೆ, ಪಕ್ಕದಲ್ಲಿ ಮಗಳು ಬಂದು ನಿಂತಿದ್ದು ಗೊತ್ತಾಗಲಿಲ್ಲ, ಇದ್ಯಾರ್ದಪ್ಪ ಕಾಣ್ತಿಲ್ಲ ಅಂತ ಮೊಬೈಲ್ ತೆಗೆದು ಮೇಲಿಂದ ಒಂದೊಂದೇ ಒತ್ತೋಕೆ ಶುರು ಮಾಡಿದ್ಲು. ಬೇಡ ಪುಟ್ಟಿ, ಊಟಕ್ಕೆ ಕರೀತಿದ್ದಾರೆ ನಡಿ ಅಂದೆ. ಕೇಳಲಿಲ್ಲ. ಅಮ್ಮ, ಹೆಡ್‌ಮೇಷ್ಟ್ರು, ಆ ದಶಕ ಬಿಟ್ಟ ಗೆಳೆಯ, ಎಲ್ಲರೂ ಅಲ್ಲೇ ಇದ್ರು.

'ಅಪ್ಪಾ, ಏಳು! ಯಾರಪ್ಪ ಇದು ಐವತ್ತಕ್ಕೆ ಏಳು?'

ಅಷ್ಟರಲ್ಲಿ ಕರೆಂಟ್ ಹೋಯ್ತು, ಫ್ಯಾನು ನಿಧಾನಕ್ಕೆ ನಿಲ್ತು, ನೋಡೇ ಅಲ್ಲಿ ನನ್ನ ಹೆಸರು ಅಂತ ಮೇಲೆ ಕೈ ತೋರಿಸಿದೆ.