ಕರಗಬೇಕು ನಿಜ, ಆದರೆ ಯಾವಾಗ?

ಸ್ಕ್ಯಾಫೋಲ್ಡ್, ಅಂದರೆ ಜೀವಕೋಶ ಬೆಳೆಯಲು ಆಸರೆಯಾಗಿದ್ದು ಆಮೇಲೆ ಕರಗಿಹೋಗುವ ಚೌಕಟ್ಟು, ಕೈಗೆ ಕೊಟ್ಟರೆ ಎಲ್ಲರೂ ಮೊದಲು ಬೆರಳಲ್ಲಿ ಒತ್ತಿ ನೋಡುತ್ತಾರೆ. ಎಷ್ಟು ಗಟ್ಟಿ ಇದೆ ಎಂದು ಕೇಳುತ್ತಾರೆ. ಲ್ಯಾಬಿನಲ್ಲಿ ಕಾರ್ಟಿಲೇಜ್ (ಮೃದ್ವಸ್ಥಿ) ಬೆಳೆಸುವ ಕೆಲಸ ಮಾಡುವ ನನಗೆ ಬೇರೆಯದೇ ಚಿಂತೆ. ಇದು ಯಾವಾಗ ಕರಗುತ್ತದೆ? ಆ ಹೊತ್ತಿಗೆ ಒಳಗೆ ಏನು ತಯಾರಾಗಿರುತ್ತದೆ?

ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ಕಾರ್ಟಿಲೇಜ್ ಮಂಡಿಯಲ್ಲೂ ಕೆಲವೇ ಮಿಲಿಮೀಟರ್ ದಪ್ಪ. ರಕ್ತನಾಳ ಇಲ್ಲ, ನರ ಇಲ್ಲ. ಜೀವಕೋಶಗಳೂ ಅಲ್ಲೊಂದು ಇಲ್ಲೊಂದು. ಅದಕ್ಕೇ ಒಮ್ಮೆ ಹಾಳಾದರೆ ತಾನಾಗಿ ಸರಿಹೋಗುವುದಿಲ್ಲ. ಅಂಗರಚನಾ ತಜ್ಞ ವಿಲಿಯಂ ಹಂಟರ್ ಇದನ್ನು 1743ರಲ್ಲೇ ಬರೆದಿದ್ದರು. ಮೂಳೆಗೆ ಸಣ್ಣ ತೂತು ಕೊರೆದು ಮಜ್ಜೆ ಒಸರುವಂತೆ ಮಾಡುವ ಚಿಕಿತ್ಸೆ ಇದೆ. ಹಳ್ಳ ತುಂಬುತ್ತದೆ, ಆದರೆ ತುಂಬುವುದು ನಾರಿನಂಥ ಅಂಗಾಂಶ. ಅದು ಮೂಲದಷ್ಟು ಬಾಳಿಕೆ ಬರುವುದಿಲ್ಲ.

1994ರಲ್ಲಿ ಸ್ವೀಡನ್ನಿನ ವೈದ್ಯರ ತಂಡವೊಂದು ರೋಗಿಗಳದೇ ಕಾರ್ಟಿಲೇಜ್ ಜೀವಕೋಶಗಳನ್ನು ತೆಗೆದು, ಹೊರಗೆ ಬೆಳೆಸಿ, ಮತ್ತೆ ಮಂಡಿಗೆ ಸೇರಿಸಿದ ಫಲಿತಾಂಶ ಪ್ರಕಟಿಸಿತು. ಇಲ್ಲಿ ಒಂದು ತೊಡಕಿದೆ. ಚಪ್ಪಟೆ ಡಿಶ್ಶಿನಲ್ಲಿ ಹರಡಿಕೊಂಡು ಬೆಳೆದ ಜೀವಕೋಶಗಳು ತಮ್ಮ ಕಸುಬನ್ನೇ ಮರೆಯುತ್ತವೆ. ಕೊಲಾಜನ್ ಎಂದರೆ ಅಂಗಾಂಶಕ್ಕೆ ಬಲ ಕೊಡುವ ನಾರಿನಂಥ ಪ್ರೋಟೀನ್; ಕಾರ್ಟಿಲೇಜಿಗೆ ಬೇಕಾದ ಟೈಪ್ 2 ಬಿಟ್ಟು ಟೈಪ್ 1 ಮಾಡತೊಡಗುತ್ತವೆ. ಸುತ್ತಲೂ ಆಸರೆ ಇರುವ ಜಾಗ ಕೊಟ್ಟರೆ ಮತ್ತೆ ದುಂಡಗಾಗಿ ಹಳೆಯ ಕೆಲಸಕ್ಕೆ ಮರಳುತ್ತವೆ. ಮೈಕ್ರೋಸ್ಕೋಪಿನಲ್ಲಿ ಇದನ್ನು ನೋಡುವ ಖುಷಿ ನನಗೆ ಈಗಲೂ ಕಡಿಮೆಯಾಗಿಲ್ಲ.

ಸ್ಕ್ಯಾಫೋಲ್ಡ್ ಬೇಕಾಗುವುದು ಇದಕ್ಕೇ. ಅದನ್ನು ಮಾಡುವ ಪಾಲಿಗ್ಲೈಕೋಲಿಕ್ ಆಸಿಡ್, ಪಾಲಿಲ್ಯಾಕ್ಟಿಕ್ ಆಸಿಡ್‌ನಂಥ ಪಾಲಿಮರ್‌ಗಳು (ಉದ್ದ ಸರಪಳಿಯಂಥ ಅಣುಗಳು) ಹೊಸ ವಸ್ತುಗಳೇನಲ್ಲ. ದೇಹದಲ್ಲೇ ಕರಗುವ ಹೊಲಿಗೆ ದಾರಗಳನ್ನು ಇಂಥವುಗಳಿಂದಲೇ ಮಾಡುತ್ತಾರೆ. ನೀರು ತಗುಲಿದರೆ ಸಾಕು, ಅವುಗಳ ಸರಪಳಿ ತುಂಡಾಗುತ್ತಾ ಹೋಗುತ್ತದೆ. ಮೊದಲನೆಯದು ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಎರಡನೆಯದು ಎಷ್ಟೋ ನಿಧಾನ. ಎರಡನ್ನೂ ಬೆಸೆದು, ಪ್ರಮಾಣ ಬದಲಿಸಿ ವೇಗ ಹೊಂದಿಸಬಹುದು. ಆದರೆ ಕರಗಿದ್ದು ಆಮ್ಲ, ಅಲ್ವಾ? ದಪ್ಪ ತುಂಡಿನ ನಡುವೆ ಅದು ಹೊರಹೋಗದೆ ನಿಂತರೆ ಜೀವಕೋಶಗಳಿಗೇ ಕಷ್ಟ. ಮನೆ ಕಟ್ಟುವಾಗ ಸೆಂಟ್ರಿಂಗ್ ಬೇಗ ಬಿಚ್ಚಿದರೆ ತಾರಸಿ ಕುಸಿಯುತ್ತದೆ. ಇಲ್ಲಿ ತಡವಾದರೂ ಅಪಾಯ, ಹೊಸ ಅಂಗಾಂಶಕ್ಕೆ ಜಾಗವೇ ಸಿಗುವುದಿಲ್ಲ.

ಸಫ್ರಾನಿನ್ ಬಣ್ಣ ಹಾಕಿದ ಸ್ಲೈಡುಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಒಂದೇ ಚಿತ್ರ. ಅಂಚಿನಲ್ಲಿ ಕಡುಕೆಂಪು, ಅಂದರೆ ನೀರು ಹಿಡಿದಿಟ್ಟು ಒತ್ತಡ ತಡೆಯುವ ಪ್ರೋಟಿಯೋಗ್ಲೈಕಾನ್ ಚೆನ್ನಾಗಿದೆ. ನಡುವೆ ಪೇಲವ. ರಕ್ತನಾಳ ಇಲ್ಲದ ತುಂಡಿಗೆ ಆಹಾರ ಹೊರಗಿನಿಂದ ಇಂಗಿಯೇ ಬರಬೇಕು, ನಡುವಿನ ತನಕ ಸಾಕಷ್ಟು ತಲುಪುವುದಿಲ್ಲ. ಅಂಚಿನ ಫೋಟೋ ಮಾತ್ರ ತೋರಿಸಿ ಯಶಸ್ಸು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಸುಮ್ನೆ ಇಟ್ಟರೂ ಆಗದು, ಒತ್ತಡ ಬೇಕು. ಇದಕ್ಕೆ ನನಗೆ ಬಹಳ ಇಷ್ಟವಾದ ಪ್ರಯೋಗವೊಂದಿದೆ, 1997ರಲ್ಲಿ ಪ್ರಕಟವಾದದ್ದು. ಕರಗುವ ಪಾಲಿಮರ್ ಬಿಲ್ಲೆಗಳಲ್ಲಿ ಕರುವಿನ ಜೀವಕೋಶ ಬಿತ್ತಿ, ಭೂಮಿಯಲ್ಲಿ 3 ತಿಂಗಳು ಬೆಳೆಸಿದರು. ಆಮೇಲೆ ಕೆಲವನ್ನು ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿ, ಉಳಿದವನ್ನು ಇಲ್ಲೇ ಇಟ್ಟು, ಇನ್ನೂ 4 ತಿಂಗಳು ಬೆಳೆಸಿದರು. ಎರಡೂ ಕಡೆ ಜೀವಕೋಶ ಬದುಕಿದ್ದವು. ಆದರೆ ಮಿರ್‌ನಲ್ಲಿ ಬೆಳೆದವು ಉಂಡೆಯಾಗಿ, ಮೆತ್ತಗಾಗಿದ್ದವು. ಭೂಮಿಯಲ್ಲಿದ್ದವು ಜಾಸ್ತಿ ಗಟ್ಟಿಯಾಗಿದ್ದವು. ಈಗ ಲ್ಯಾಬುಗಳಲ್ಲಿ ತುಂಡುಗಳನ್ನು ಮೆಲ್ಲಗೆ ಒತ್ತಿ ಬಿಡುವ ಯಂತ್ರದಲ್ಲಿಟ್ಟು ಬೆಳೆಸುವುದೂ ಉಂಟು.

ಹೊಸ ಸ್ಕ್ಯಾಫೋಲ್ಡ್ ಬಗ್ಗೆ ಯಾರಾದರೂ ಪೇಪರ್ ಕಳಿಸಿದರೆ ನಾನು ಮೊದಲ ದಿನದ ಬಲ ನೋಡುವುದಿಲ್ಲ, ಕೊನೆಯ ದಿನದ್ದನ್ನೂ ನೋಡುವುದಿಲ್ಲ. ನಡುವಿನ ವಾರಗಳ ಅಳತೆ ಹುಡುಕುತ್ತೇನೆ. ಪಾಲಿಮರ್ ಎಷ್ಟು ಉಳಿದಿತ್ತು, ಕೊಲಾಜನ್ ಎಷ್ಟು ಬಂದಿತ್ತು, ಅದೇ ವಾರ ತುಂಡು ಎಷ್ಟು ಭಾರ ತಡೆಯುತ್ತಿತ್ತು, ಈ ಮೂರೂ ಒಟ್ಟಿಗೆ ಬೇಕು. ರೋಗಿ ಆ ವಾರಗಳಲ್ಲೂ ಕಾಲೂರಿ ನಡೆಯಬೇಕಲ್ಲ.