ಗ್ರೂಪ್ ಬಿಲ್ಡ್: ಹಗ್ಗ ಕೊನೆಗೂ ಬಲಕ್ಕೆ ತಿರುಗಿತು

ಟ್ರಿಂಕೋಮಲಿ ಹಡಗಿನ ಮಾದರಿಯನ್ನು ಎಂಟು ಜನ ತಲಾ ಒಂದೊಂದು ಕಟ್ಟುತ್ತಿರುವ ನಮ್ಮ ಗ್ರೂಪ್ ಬಿಲ್ಡ್‌ನಲ್ಲಿ ಇರುವವರಿಗೂ, ಸುಮ್ನೆ ಬದಿಗೆ ನಿಂತು ನೋಡುತ್ತಿರುವವರಿಗೂ ಒಂದು ಸುದ್ದಿ. ಹಗ್ಗ ಸಿಕ್ಕಿದೆ. ಮೂರೆಳೆ, ಬಲಹುರಿ (ಬಲಕ್ಕೆ ಏರುವ ಹೊಸೆತ), ಎಂಟೂ ಜನರಿಗೆ ಒಂದೇ ಲಾಟಿನ ನೂಲು. ಇನ್ನು ಮೇಲೆ ಯಾರೂ "ಹಗ್ಗ ಬರಲಿ, ಆಮೇಲೆ ಕೂರುತ್ತೇನೆ" ಎಂದು ಜಾರಿಕೊಳ್ಳುವ ಹಾಗಿಲ್ಲ.

ಫ್ರೇಮು, ಪ್ಲ್ಯಾಂಕಿಂಗು (ಹಲಗೆ ಹೊದಿಸುವುದು), ಡೆಕ್ಕಿನ ಬಗ್ಗೆ ಬರೆಯುವುದಿಲ್ಲ. ಎಲ್ಲರದ್ದೂ ಮುಗಿದಿದೆ, ವಿಜಯಪುರದ ಸರ್ ಅವರದ್ದು ಬಿಟ್ಟು. ಅವರು ಅಂಟಿಸಿದ ಪ್ಲ್ಯಾಂಕನ್ನೇ ಮತ್ತೆ ಮತ್ತೆ ಕಿತ್ತು ಕೂಡಿಸುತ್ತಾರೆ. ಕೇಳಿದರೆ "ಇನ್ನಷ್ಟು ಚಲೋ ಆಗ್ತೈತ್ರೀ" ಎನ್ನುತ್ತಾರೆ. ಅದು ಆಗಲೇ ನಮ್ಮೆಲ್ಲರದಕ್ಕಿಂತ ಚಲೋ ಇದೆ, ಅದೇ ಸಿಟ್ಟು.

ಹೊಸಬರಿಗೆ ಇಷ್ಟು ಸಾಕು. 1817ರ ಅಕ್ಟೋಬರ್ 12ರಂದು ಮುಂಬಯಿಯ ಡಾಕ್‌ಯಾರ್ಡ್‌ನಲ್ಲಿ ನೀರಿಗಿಳಿದ ಫ್ರಿಗೇಟ್ (ಯುದ್ಧನೌಕೆ) ಇದು. ಕಟ್ಟಿದವರು ಜಮ್‌ಶೆಡ್‌ಜಿ ಬೊಮನ್‌ಜಿ ವಾಡಿಯಾ, ಮರ ತೇಗ. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಇಡೀ ಹಡಗಿಗೆ ಕೈ ಹಾಕಿದ್ದರೆ ಎಂಟು ಅಟ್ಟದ ಮೇಲೆ ಎಂಟು ಅರ್ಧ ಹಡಗು ಬಿದ್ದಿರುತ್ತಿದ್ದವು. ಹಾಗಾಗಿ ನಡುವಿನ ತುಂಡು ಮಾತ್ರ ಹಿಡಿದೆವು: ದೊಡ್ಡ ಕಂಬ, ಅದರ ಅಕ್ಕಪಕ್ಕದ ತೋಪುಗಳು, ಅಷ್ಟೇ. ಸ್ಕೇಲು 1/48, ಅಂದರೆ ಒಂದು ಫೂಟಿಗೆ ಕಾಲು ಇಂಚು. ಅಸಲಿ ಹಡಗಿನ ಅಗಲ ಸುಮಾರು 40 ಫೂಟು, ನಮ್ಮದು 10 ಇಂಚು. ಟೇಬಲ್ ಮೇಲೆ ಊಟದ ತಟ್ಟೆಗೂ ಜಾಗ ಉಳಿಯುತ್ತದೆ. ಮನೆಯವರ ಒಪ್ಪಿಗೆ ಸಿಕ್ಕಿದ್ದೇ ಇದರಿಂದ.

ಕೊನೆಗೆ ಎಂಟನ್ನೂ ಒಂದೇ ಸಾಲಿನಲ್ಲಿ ಇಡುವ ಆಸೆ ಇದೆ. ಅದಕ್ಕೇ ಕಣ್ಣಿಗೆ ಮೊದಲು ಬೀಳುವ ಸಾಮಾನನ್ನು ಒಬ್ಬೊಬ್ಬರೇ ಎಲ್ಲರಿಗೂ ಮಾಡಿಕೊಡಬೇಕು ಎಂದು ಮೊದಲೇ ಮಾತಾಗಿತ್ತು. 18 ಪೌಂಡರ್ (18 ಪೌಂಡ್ ಗುಂಡು ಹಾರಿಸುವ) ತೋಪುಗಳು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಇರುವ ಅಣ್ಣನಿಗೆ. ಬ್ಲಾಕುಗಳು, ಅಂದರೆ ಹಗ್ಗದ ರಾಟೆಗಳು, ಗೋಕಾಕದವರಿಗೆ. ಅವರು ಹಾಲೆ ಮರದಲ್ಲಿ ಮಾಡಿ ಕಳಿಸಿದ್ದಾರೆ, ಅದರ ಎಳೆ ಎಷ್ಟು ಸಣ್ಣದೆಂದರೆ ಇನ್ನು ಮುಂದೆ ಯಾರೂ ವಾಲ್‌ನಟ್ ಎಂದು ಬಾಯಿ ಬಿಡಬಾರದು. ಹಗ್ಗವನ್ನು ಯಾರೂ ಒಯ್ಯಲಿಲ್ಲ. ಯಾರೂ ಒಯ್ಯದ್ದು ಸಂಘಟಕನ, ಅಂದರೆ ನನ್ನ, ತಲೆಗೆ.

ಮೊದಲು ಅಳತೆಯ ಗದ್ದಲ. ಹಳೆಯ ರಿಗ್ಗಿಂಗ್ (ಹಡಗಿನ ಹಗ್ಗಗಳ) ಪಟ್ಟಿಗಳಲ್ಲಿ ಹಗ್ಗದ ಅಳತೆ ಸುತ್ತಳತೆಯಲ್ಲಿ ಇರುತ್ತದೆ, ದಪ್ಪದಲ್ಲಲ್ಲ. ನಮ್ಮಲ್ಲೊಬ್ಬರು 9 ಇಂಚು ಎಂದಿದ್ದನ್ನು ದಪ್ಪ ಎಂದುಕೊಂಡು ಲೆಕ್ಕ ಹಾಕಿದರು. ಬಂದದ್ದು 4.8 ಮಿಮೀ. ಅದನ್ನು ಕಂಬಕ್ಕೆ ಕಟ್ಟಿ ಫೋಟೋ ಹಾಕಿದಾಗ "ಎತ್ತು ಎಲ್ಲಿ?" ಎಂದು ಎಲ್ಲರೂ ಕೇಳಿದ್ದೇ ಕೇಳಿದ್ದು. ಸುತ್ತಳತೆಯ ಇಂಚನ್ನು 0.168ರಿಂದ ಗುಣಿಸಿ, 1/48ಕ್ಕೆ ಬೇಕಾದ ಮಿಮೀ ಸಿಗುತ್ತದೆ. ಕಂಬವನ್ನು ಬದಿಗೆ ಬಿಗಿದು ಹಿಡಿಯುವ 9 ಇಂಚಿನ ಶ್ರೌಡ್ 1.5 ಮಿಮೀ, ಅದರ ಮೇಲೆ ಮೆಟ್ಟಿಲಿನಂತೆ ಅಡ್ಡ ಕಟ್ಟುವ ಒಂದೂವರೆ ಇಂಚಿನ ರ್‍ಯಾಟ್‌ಲೈನ್ 0.25. ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಅಸಲಿ ತಲೆನೋವು ಹುರಿಯದು.

ಆ ಕಾಲದ ಸಾಮಾನ್ಯ ಮೂರೆಳೆ ಹಗ್ಗ ಬಲಹುರಿ. ನೆಟ್ಟಗೆ ಹಿಡಿದು ನೋಡಿದರೆ ಎಳೆಗಳು ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರಬೇಕು, ಝಡ್ ಅಕ್ಷರದ ನಡುಗೆರೆಯ ಹಾಗೆ. ಎಡಹುರಿ ಇದ್ದದ್ದು ಲಂಗರಿನ ಕೇಬಲ್‌ನಂಥದ್ದಕ್ಕೆ: ಮೂರು ಬಲಹುರಿ ಹಗ್ಗ ಸೇರಿಸಿ ಉಲ್ಟಾ ಹೊಸೆದದ್ದು. ಈಗ ಪೇಟೆಯಿಂದ ಹೊಲಿಗೆ ದಾರ ತಂದು ನಮ್ಮ ಹಗ್ಗ ಹೊಸೆಯುವ ಯಂತ್ರ ರೋಪ್‌ವಾಕ್‌ಗೆ ಹಾಕಿ. ಬರುವ ಹಗ್ಗ ನೋಡೋಕೆ ಚೆಂದ, ಆದರೆ ಎಡಹುರಿ. ಪ್ರತಿ ಸಲವೂ ಎಡಹುರಿ. ಮೋಟರ್ ಉಲ್ಟಾ ತಿರುಗಿಸಿದರೆ ಆಯಿತಲ್ಲ ಎನ್ನುತ್ತೀರಿ. ತಿರುಗಿಸಿ ನೋಡಿ. ಹೊಲಿಗೆ ದಾರದ ಕೊನೆಯ ಹುರಿಯೇ ಝಡ್. ಅದನ್ನು ಆ ಕಡೆ ತಿರುಗಿಸಿದರೆ ಮೊದಲು ದಾರ ಬಿಚ್ಚಿಕೊಳ್ಳುತ್ತದೆ, ಎಳೆಗಳು ಬಾಯಿ ಬಿಡುತ್ತವೆ. ಮುಂದೆ ಹಗ್ಗ ಕೂಡಿದರೂ ಭಾರ ತೆಗೆದ ಕೂಡಲೇ ಗಂಟು ಗಂಟಾಗಿ ಸುರುಳಿ ಹೊಡೆಯುತ್ತದೆ.

"ಅಷ್ಟು ಸಣ್ಣದನ್ನು ಯಾರು ನೋಡ್ತಾರೆ?" ಎಂದು ಗುಂಪಿನಲ್ಲೇ ಇಬ್ಬರು ಕೇಳಿದರು. ಶ್ರೌಡ್ ಒಂದೂವರೆ ಮಿಮೀ ದಪ್ಪ ಇರುವಾಗ ಬರಿಗಣ್ಣಿಗೇ ಕಾಣುತ್ತದೆ ಸ್ವಾಮಿ. ಕೆಲಸಕ್ಕೂ ತೊಂದರೆ. ಶ್ರೌಡ್ ಬಿಗಿಯುವ ಮೂರು ತೂತಿನ ಮರದ ಬಿಲ್ಲೆಯಾದ ಡೆಡ್‌ಐ ಸುತ್ತ ಶ್ರೌಡ್ ತಿರುಗಿಸುವುದು ಹುರಿಯ ಜೊತೆಗೆ ಹೋಗಬೇಕು. ಬಲಹುರಿ ಹಗ್ಗವನ್ನು ಸುರುಳಿ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಹುರಿ ಉಲ್ಟಾ ಆದರೆ ಇದೆಲ್ಲವೂ ಉಲ್ಟಾ. ಎಂಟರಲ್ಲಿ ನಾಲ್ಕು ಹಾಗೆ, ನಾಲ್ಕು ಹೀಗೆ ಆದರೆ ಸಾಲಾಗಿ ಇಡೋದು ಯಾಕೆ?

ದಾರ ಹುಡುಕಿ ಅಲೆದದ್ದು ಬೇರೆಯೇ ಕಥೆ. ಖಡೇಬಜಾರಿನ ಒಂದು ಅಂಗಡಿಯಲ್ಲಿ "ಎಡಹುರಿ ಬಲಹುರಿ ಅಂದ್ರ ಏನ್ರೀ? ಬಣ್ಣ ಹೇಳ್ರೀ, ಕೊಡ್ತೀನಿ" ಎಂದರು. ಹೊರದೇಶದಿಂದ ತರಿಸಿದ ತಯಾರಿ ಹಗ್ಗದ ರೀಲಿನ ಮೇಲೆ 0.5 ಎಂದಿತ್ತು, ಮೈಕ್ರೋಮೀಟರ್ 0.38 ಎಂದಿತು. ಒಂದೇ ಹೆಸರಿನ ಎರಡು ರೀಲಿಗೆ ಎರಡು ಬಣ್ಣ. ಮೇಲೆ ಕಸ್ಟಮ್ಸ್. ಅದೇ ಅಂಗಡಿಯ ಡೆಡ್‌ಐಗಳಿಗೆ ಎರಡೇ ತೂತು! ವಡಗಾವಿಯಲ್ಲಿ ನಮಗೆ ಸಿಕ್ಕಿದ್ದು ಸೀರೆಯ ಮಿಂಚುವ ನೂಲು. ಹಡಗಿಗೆ ಹಾಕಿದರೆ ಮದುವೆಗೆ ಹೊರಟ ಹಾಗಿರುತ್ತದೆ.

ತಡವಾಯಿತು ಎಂದು ಗೊಣಗುವವರಿಗೆ ಒಂದು ಮಾತು. ಈ ಹಡಗಿನ ನಕ್ಷೆಯನ್ನು ಮೊದಲ ಸಲ ಮುಂಬಯಿಗೆ ಕಳಿಸಿದ್ದು ಜಾವಾ ಎಂಬ ಫ್ರಿಗೇಟಿನಲ್ಲಿ. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಕಾನ್ಸ್ಟಿಟ್ಯೂಷನ್ ಅದನ್ನು ಸೋಲಿಸಿತು, ನಕ್ಷೆಯೂ ಹೋಯಿತು. ಮತ್ತೊಂದು ಪ್ರತಿ ಮುಂಬಯಿ ಮುಟ್ಟಿದ್ದು 1816ರಲ್ಲಿ. ನಮ್ಮ ಕೊರಿಯರ್‌ನವರು ದೇವರಂಥವರು.

ಗಂಟು ಬಿಚ್ಚಿದ್ದು ಬನಹಟ್ಟಿಯಲ್ಲಿ. ನಮ್ಮ ಗುಂಪಿನ ಹುಡುಗನೊಬ್ಬನ ಮನೆಯಲ್ಲಿ ಕೈಮಗ್ಗ ಇದೆ. ಅವನಿಗೆ ಪ್ಲ್ಯಾಂಕಿಂಗ್ ತೋರಿಸಲು ಹೋದವನು ಹಾಳಾದ ಹಗ್ಗದ ತುಂಡುಗಳನ್ನೂ ಜೇಬಿನಲ್ಲಿ ಒಯ್ದಿದ್ದೆ. ಅವನ ತಾಯಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು. ತುಂಡನ್ನು ಇಸಕೊಂಡರು. ಕನ್ನಡಕ ಕೂಡ ಹಾಕಲಿಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಸಲ ಉರುಳಿಸಿದರು.

"ಇದು ಹೊಲಿಗಿ ದಾರ ಅಲ್ಲೇನು ತಮ್ಮಾ? ನಮ್ಮ ಜೋಡೆಳಿ ನೂಲಿನ ಹುರಿ ಇದಕ್ಕ ತಿರುಗು ಇರತೈತಿ."

ಲಡಿಯಿಂದ ಒಂದು ಮೊಳ ಎಳೆದರು. ಅಂಗೈಯಲ್ಲಿ ಇನ್ನೊಂದಿಷ್ಟು ಹುರಿ ಏರಿಸಿ, ನಡುವೆ ಮಡಚಿ ಬಿಟ್ಟರು. ಎರಡೂ ಎಳೆ ತಾವಾಗಿಯೇ ಒಂದಕ್ಕೊಂದು ಸುತ್ತಿಕೊಂಡವು, ಎಡದಿಂದ ಮೇಲೆ ಬಲಕ್ಕೆ. ಬಲಹುರಿ! ನಾನು ಅಲ್ಲೇ ಕೂಗಿಬಿಟ್ಟೆ. ಅವರು "ಚಹಾ ಕುಡೀರಿ ಮೊದ್ಲ" ಎಂದರು.

ಲೆಕ್ಕ ಸರಳ. ನೇಯುವ ನೂಲಿನ ಒಂಟಿ ಎಳೆಗೆ ಸಾಮಾನ್ಯವಾಗಿ ಝಡ್ ಹುರಿ, ಎರಡು ಸೇರಿಸಿದಾಗ ಎಸ್, ಅಂದರೆ ಎಡಕ್ಕೆ. ಹೊಲಿಗೆ ದಾರ ಇದಕ್ಕೆ ಪೂರ್ತಿ ಉಲ್ಟಾ, ಕೊನೆಯ ಹುರಿ ಝಡ್. ಯಾಕೆಂದರೆ ಎಸ್ ಹುರಿ ಇದ್ದರೆ ಹೊಲಿಗೆ ಮಷೀನಿನಲ್ಲಿ ಓಡುವಾಗ ಬಿಚ್ಚಿಕೊಳ್ಳುತ್ತದೆ. ನಾವು ಟೇಲರ್ ಸಾಮಾನಿನ ಅಂಗಡಿಗಳಲ್ಲಿ ಎಷ್ಟು ಅಲೆದರೂ ಅಲ್ಲಿ ನಮಗೆ ಬೇಕಾದದ್ದು ಸಿಗುವ ಹಾಗೇ ಇರಲಿಲ್ಲ.

2/80 ನೂಲನ್ನು (80ನೇ ನಂಬರಿನ ಜೋಡೆಳೆ) ಒಂದೊಂದೇ ಹಾಕಿ ಮೂರೆಳೆ ಹೊಸೆದರೆ ಸುಮಾರು 0.3 ಮಿಮೀ, ರ್‍ಯಾಟ್‌ಲೈನಿಗೆ ನಡೆಯುತ್ತದೆ. ಶ್ರೌಡಿಗೆ 2/20 ನೂಲಿನ ಕಟ್ಟು, ಒಂದೊಂದು ಎಳೆಯಲ್ಲಿ ಐದು. ಉದ್ದದಲ್ಲಿ ಕಾಲು ಭಾಗದಷ್ಟು ಹೊಸೆಯುವಾಗಲೇ ಕುಗ್ಗುತ್ತದೆ, ನೆನಪಿರಲಿ. ಇಂಗ್ಲೆಂಡಿನ ಚ್ಯಾಥಮ್ ಡಾಕ್‌ಯಾರ್ಡಿನ ಹಗ್ಗದ ಶೆಡ್ಡು 300 ಮೀಟರಿಗಿಂತ ಜಾಸ್ತಿ ಉದ್ದ ಇರುವುದು ಸುಮ್ನೆ ಅಲ್ಲ. ನಮ್ಮದು ಮನೆಯ ವರಾಂಡ. ಬಾಗಿಲು ತೆಗೆದವರು ಎಡವುತ್ತಾರೆ.

ಹತ್ತಿ ನೂಲಿನ ಕೂದಲು ಇನ್ನೊಂದು ಪೀಡೆ. 1/48ರಲ್ಲಿ ಒಂದು ಕೂದಲು ನಿಜವಾದ ಹಗ್ಗಕ್ಕೆ ಕಡ್ಡಿ ಚುಚ್ಚಿದಂತೆ ಕಾಣುತ್ತದೆ. ಸ್ಪಿರಿಟ್ ದೀಪದ ಮೇಲೆ ಬೇಗ ಎಳೆಯಬೇಕು, ನಿಲ್ಲಿಸಬಾರದು. ಚಿಟಿಚಿಟಿ ಅಂದರೆ ಕೂದಲು ಹೋಯಿತು, ಕಂದು ಬಣ್ಣಕ್ಕೆ ತಿರುಗಿದರೆ ಹಗ್ಗವೇ ಹೋಯಿತು. ಪಾಲಿಯೆಸ್ಟರ್ ಬೆರೆತ ನೂಲಾದರೆ ಕರಗಿ ಮಣಿ ಕಟ್ಟುತ್ತದೆ, ಅದರಿಂದಲೇ ಕಲಬೆರಕೆ ಪತ್ತೆ. ಆಮೇಲೆ ಜೇನುಮೇಣ.

ಮೇಣ ಬಿಡಬೇಡಿ, ಅದರಲ್ಲೂ ಬೆಳಗಾವಿಯವರು. ಹತ್ತಿ ಹಗ್ಗ ತೇವಕ್ಕೆ ಉಬ್ಬಿ ಗಿಡ್ಡ ಆಗುತ್ತದೆ. ವಿಜಯಪುರದ ಮೇ ತಿಂಗಳಲ್ಲಿ ಬಿಗಿದು ಕಟ್ಟಿದ ಶ್ರೌಡನ್ನು ಜುಲೈನಲ್ಲಿ ಇಲ್ಲಿಗೆ ತಂದರೆ ಕಂಬವನ್ನೇ ಎಳೆಯುತ್ತದೆ. ಮೇಣ ಹಚ್ಚಿದ ತುಂಡು, ಹಚ್ಚದ ತುಂಡು ಎರಡಕ್ಕೂ ಒಂದೇ ತೂಕ ಕಟ್ಟಿ ಬಚ್ಚಲಮನೆಯಲ್ಲಿ ತೂಗುಹಾಕಿ ನೋಡಿದೆ. ಹಚ್ಚದ್ದು ಮೇಲೇರಿದ್ದು ಕಣ್ಣಿಗೇ ಕಂಡಿತು. ಸ್ನಾನಕ್ಕೆ ಹೋದವರೆಲ್ಲ ಬೈದರು.

ಹಗ್ಗದಿಂದ ಬೇಜಾರಾದಾಗಲೆಲ್ಲ ಮುಂದಿನ ಪ್ರಾಜೆಕ್ಟಿನ ಯೋಚನೆ ಬರುತ್ತದೆ: ನೌಕಾಪಡೆಯ ಹಳೆಯ ಮಿಸೈಲ್ ಬೋಟು ಐಎನ್‌ಎಸ್ ಚಪಲ್. ಅಣಶಿ ಘಾಟ್ ಇಳಿದರೆ ಕಾರವಾರ, ಟ್ಯಾಗೋರ್ ಬೀಚಿನ ಮೇಲೆ ಮ್ಯೂಸಿಯಂ ಆಗಿ ನಿಂತಿದೆ. ಉದ್ದ 38.6 ಮೀಟರ್, 1/72ರಲ್ಲಿ 54 ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ. ನಾಲ್ಕು ಮಿಸೈಲ್ ಡಬ್ಬಿಗಳು, ಹಿಂದೆ ಮುಂದೆ ಒಂದೊಂದು ಗನ್ನು, ಉಳಿದದ್ದು ತಗಡು. ಅನುಮಾನ ಬಂದರೆ ಟೇಪು ಹಿಡಿದು ಹೋಗಬಹುದು, ಬರುವಾಗ ಮೀನೂಟ. ಎಲ್ಲಕ್ಕಿಂತ ಮುಖ್ಯ, ಕಂಬಕ್ಕೆ ಕಟ್ಟುವ ಶ್ರೌಡಿನ ಗೋಳೇ ಇಲ್ಲ! ಫೌಂಡ್ರಿ ಅಣ್ಣ ಆಗಲೇ ಗನ್ನಿನ ಅಚ್ಚಿನ ಬಗ್ಗೆ ಮಾತು ಶುರು ಮಾಡಿದ್ದಾರೆ. ಮೊದಲು ಇದನ್ನು ಮುಗಿಸೋಣ ಅಣ್ಣಾ.

ಈಗ ಹಂಚಿಕೆ. ಎಲ್ಲ ಹಗ್ಗವೂ ಒಂದೇ ರೋಪ್‌ವಾಕ್‌ನಲ್ಲಿ, ಅರ್ಧ ಕಿಲೋ ತೂಕ ಇಟ್ಟು ಹೊಸೆದದ್ದು. ಶ್ರೌಡಿನದ್ದು ಒಂದೇ ಹಂಡೆಯಲ್ಲಿ ಕಪ್ಪು ಅದ್ದಿದ್ದೇನೆ. ರನ್ನಿಂಗ್ ರಿಗ್ಗಿಂಗಿನದ್ದು (ಹಾಯಿ ಎಳೆದು ಬಿಡುವ ಹಗ್ಗ) ಹಾಗೇ ಇದೆ, ಚಹಾದಲ್ಲಿ ಅದ್ದುತ್ತೇನೆ ಎನ್ನುವವರು ದಯವಿಟ್ಟು ಎಲ್ಲರದ್ದನ್ನೂ ಒಂದೇ ಪಾತ್ರೆಯಲ್ಲಿ ಅದ್ದಿ. ಹಾಳಾದ ಎಡಹುರಿ ಹಗ್ಗ ಒಂದು ಚೀಲ ಇದೆ, ಬೇಕಾದವರು ಒಯ್ಯಿರಿ. ಪಾರ್ಸೆಲ್ ಮುಟ್ಟಿದ ಮೇಲೆ ವಾರಕ್ಕೊಂದು ಫೋಟೋ ಕಡ್ಡಾಯ, ಹಾಕದಿದ್ದವರ ಹಡಗು ಮುಳುಗಿತು ಎಂದು ಲೆಕ್ಕ. ಮೂರು ತೂತಿನ ಡೆಡ್‌ಐ ಯಾರ ಹತ್ತಿರ ಜಾಸ್ತಿ ಇವೆಯೋ ಇವತ್ತೇ ಹೇಳಿ, ಬಾಗಲಕೋಟೆಯವರಿಗೆ ಆರು ಕಮ್ಮಿ ಬಿದ್ದಿವೆ.