10ರ ಬೋಲ್ಟಿಗೆ 210ರ ರೆಂಚ್ ಹಾಕಿ ಕೆಟ್ಟೆ

ನಮ್ದು ಹಾಸನದಲ್ಲಿ ಸಣ್ಣ ಬೈಕ್ ಗ್ಯಾರೇಜು, ಹನ್ನೆರಡು ವರ್ಷ ಆಯ್ತು. ಹಿಡಿ ತಿರುಗಿಸಿ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ರೆ, ಅಷ್ಟಾದ ತಕ್ಷಣ ಕ್ಲಿಕ್ ಅನ್ನುತ್ತಲ್ಲ, ಆ ಟಾರ್ಕ್ ರೆಂಚ್ ಅಂದ್ರೆ ಮೊದಲ ಎಂಟು ವರ್ಷ ಶೋರೂಮಿನವರ ಶೋಕಿ ಅಂತಾನೇ ಅಂದ್ಕೊಂಡಿದ್ದೆ, ಟಿ ಸ್ಪ್ಯಾನರ್ ಹಿಡಿದ್ರೆ ಕೈಗೇ ಗೊತ್ತಾಗುತ್ತೆ ಅನ್ನೋ ಜಂಬ. ಆಮೇಲೆ ಒಂದು ಬೈಕು ಹಿಂದಿನ ಚಕ್ರದ ಆಕ್ಸಲ್ ನಟ್ ಲೂಸಾಗಿ ವಾಪಸ್ ಬಂತು, ಅವತ್ತು ಹೆದರ್ಕೊಂಡು ಒಂದು ತಗೊಂಡೆ. ಅರ್ಧ ಇಂಚಿನ ಡ್ರೈವು (ಸಾಕೆಟ್ ಕೂರೋ ಚೌಕದ ತುದಿ), 28ರಿಂದ 210 ನ್ಯೂಟನ್ ಮೀಟರ್, ಅಂದ್ರೆ ಬಿಗಿಯ ಅಳತೆ. ಆಕ್ಸಲ್ ನಟ್ಟಿಗೆ ಇವತ್ತಿಗೂ ಅದೇ, ಅದನ್ನ ದೂರೋ ಹಾಗಿಲ್ಲ.

ಎಡವಟ್ಟಾಗಿದ್ದು ಕ್ಲಚ್ ಕವರಲ್ಲಿ. ಪ್ಲೇಟ್ ಹಾಕಿ ಕವರ್ ಮುಚ್ಚೋವಾಗ ನಮ್ ಹುಡುಗ "ಅಣ್ಣ, ಇದಕ್ಕೂ ಆ ರೆಂಚೇ ಹಾಕ್ಲಾ" ಅಂದ, ನಾನು ಫೋನಲ್ಲಿದ್ದೆ, ಹೂಂ ಅಂದ್ಬಿಟ್ಟೆ. ಎಂ6 ಬೋಲ್ಟು, ಅಂದ್ರೆ 6 ಮಿಲಿಮೀಟರ್ ದಪ್ಪದ್ದು, 10 ನ್ಯೂಟನ್ ಮೀಟರ್ ಸಾಕು. ರೆಂಚಲ್ಲಿ 10 ಅನ್ನೋ ಗೆರೇನೇ ಇಲ್ಲ, ಇವ್ನು ಹಿಡಿಯನ್ನ 28ಕ್ಕಿಂತ ಕೆಳಗೂ ತಿರುಗಿಸಿ ಅಂದಾಜಲ್ಲಿ 10 ಮಾಡ್ಕೊಂಡವ್ನೆ. ಕ್ಲಿಕ್ ಬರುತ್ತೆ ಅಂತ ಎಳ್ದ, ಇನ್ನೂ ಎಳ್ದ, ಬರ್ಲಿಲ್ಲ, ಬಿಗಿಯಾಗಿದ್ದ ಬೋಲ್ಟು ಇದ್ದಕ್ಕಿದ್ದಂಗೆ ಹಗುರಾಗೋಯ್ತು. ಬಿಚ್ಚಿ ನೋಡಿದ್ರೆ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ತ್ರೆಡ್ ಪೂರ್ತಿ ಸುರುಳಿ ಸುತ್ಕೊಂಡು ಬಂದಿತ್ತು, ಪೆನ್ನಿನ ಸ್ಪ್ರಿಂಗ್ ಥರ. ಲೇತ್ ಅಂಗಡೀಲಿ ತೂತು ದೊಡ್ಡದು ಮಾಡ್ಸಿ ಟ್ಯಾಪ್ ಹೊಡ್ಸಿ (ಹೊಸ ತ್ರೆಡ್ ಕೊರೆಸಿ) ಹೆಲಿಕಾಯಿಲ್ ಅನ್ನೋ ತಂತಿ ಸುರುಳಿ ತ್ರೆಡ್ ಹಾಕ್ಸಿದ್ದಾಯ್ತು, ಎರಡು ದಿನ ಗಾಡಿ ನಮ್ಮಲ್ಲೇ, ದುಡ್ಡೂ ನಮ್ದೇ. ಹುಡುಗನಿಗೆ ಬೈಯೋಕೆ ಬಾಯಿ ಬರ್ಲಿಲ್ಲ, ಹೂಂ ಅಂದಿದ್ದು ನಾನೇ ಅಲ್ವಾ.

ಆಮೇಲೆ ಕೂತು ಲೆಕ್ಕ ಹಾಕ್ದೆ. ಆ ರೆಂಚಿನ ಹಿಡಿ ನಟ್ಟಿಂದ ಸುಮಾರು 40 ಸೆಂಟಿಮೀಟರ್ ದೂರ, ಅಲ್ಲಿ ಬರೀ ಎರಡೂವರೆ ಕೆಜಿ ಭಾರ ಬಿಟ್ರೆ 10 ನ್ಯೂಟನ್ ಮೀಟರ್ ಆಗೋಯ್ತು. ಅಂದ್ರೆ 10 ದಾಟಿದ್ರೂ ಹುಡುಗನಿಗೆ ಏನೂ ಜೋರು ಹಾಕ್ದಂಗೇ ಅನ್ಸಿಲ್ಲ, ಇನ್ನೂ ಎಳೆಯೋಷ್ಟರಲ್ಲೇ ತ್ರೆಡ್ಡಿನ ಕಥೆ ಮುಗ್ದಿತ್ತು. ಇನ್ನೊಂದು, ಕ್ಲಿಕ್ ರೆಂಚ್ ಮೇಲೆ ಪ್ಲಸ್ ಮೈನಸ್ 4 ಪರ್ಸೆಂಟ್ ಅಂತ ಬರ್ದಿರ್ತಾರಲ್ಲ, ಇಂಥ ರೆಂಚುಗಳ ಸ್ಟ್ಯಾಂಡರ್ಡ್ ಐಎಸ್‌ಒ 6789, ಅದರ 2003ರ ಆವೃತ್ತಿ ಪ್ರಕಾರ ಅದನ್ನ ಚೆಕ್ ಮಾಡ್ತಿದ್ದಿದ್ದು ಮ್ಯಾಕ್ಸಿಮಮ್‌ನ 20, 60, 100 ಪರ್ಸೆಂಟಲ್ಲಿ. 210ಕ್ಕೆ 20 ಪರ್ಸೆಂಟ್ ಅಂದ್ರೆ 42. ಅದಕ್ಕಿಂತ ಕೆಳಗೆ ಗೆರೆ ಇದ್ರೂ ನಾನಂತೂ ನಂಬಲ್ಲ.

ಸಣ್ಣದು ತಗೋಳಕ್ಕೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಅಂಗಡಿಯವ್ರು 3/8 ಡ್ರೈವಿಂದು ತೋರ್ಸಿ "ಇದೊಂದಿದ್ರೆ ಎಲ್ಲಾದಕ್ಕೂ ಆಯ್ತು ಸಾರ್" ಅಂದ್ರು, ಅದು ಶುರುವಾಗೋದೇ 10ರಿಂದ. ಜಪಾನಿಂದು, ಇಂಗ್ಲೆಂಡಿಂದು ಇದ್ವು, ರೇಟ್ ಕೇಳಿ ಕೈ ಮುಗ್ದೆ. ಕೊನೆಗೆ ಕಾಲಿಂಚು ಡ್ರೈವು, 5ರಿಂದ 25, ₹2,800ಕ್ಕೆ ಚೌಕಾಸಿ ಮಾಡಿ ತಂದೆ. ಬ್ರ್ಯಾಂಡ್ ನೋಡ್ಲಿಲ್ಲ, ಮೂರು ಮಾತ್ರ ನೋಡ್ದೆ: ನನ್ನ 10 ಸ್ಕೇಲಿನ ತುದೀಲಿರಬಾರ್ದು, ಟೆಸ್ಟ್ ಕಾಗದದ ಮೇಲಿರೋ ಸೀರಿಯಲ್ ನಂಬರೇ ರೆಂಚ್ ಮೇಲೂ ಇರ್ಬೇಕು, ಗೆರೆ ನ್ಯೂಟನ್ ಮೀಟರಲ್ಲಿರ್ಬೇಕು. ಇಂಚ್ ಪೌಂಡ್ ಸ್ಕೇಲ್ ಒಂದೇ ಇರೋದು ಅಗ್ಗಕ್ಕೆ ಸಿಗುತ್ತೆ, ಅದರಲ್ಲಿ 10 ನ್ಯೂಟನ್ ಮೀಟರ್ ಅಂದ್ರೆ 88.5, ಗಡಿಬಿಡೀಲಿ ಹುಡುಗ್ರು ಕೈಗೆ ಅದನ್ನ ಕೊಡೋದು ಬೇಡ. ಹಳೇ ಮ್ಯಾನುಯಲ್‌ಗಳಲ್ಲಿ ಕೆಜಿ ಮೀಟರ್ ಇರುತ್ತೆ, 1 ಅಂತಿದ್ರೆ 9.8 ನ್ಯೂಟನ್ ಮೀಟರ್ ಅಂತ ಹಿಡ್ಕೊಳ್ಳಿ.

ತಂದ ದಿನಾನೇ ಪಕ್ಕದ ದಿನಸಿ ಅಂಗಡಿಯಿಂದ 5 ಕೆಜಿ ತೂಕದ ಕಲ್ಲು ಇಸ್ಕೊಂಡು ಬಂದೆ. ರೆಂಚಿನ ಚೌಕದ ತುದೀನ ವೈಸಿಗೆ ಕಚ್ಚಿಸಿ, ರೆಂಚ್ ಅಡ್ಡ ನೆಟ್ಟಗೆ ಮಲಗಿಸಿ, 20 ಸೆಂಟಿಮೀಟರಲ್ಲಿ ತಂತಿ ಕಟ್ಟಿ ಕಲ್ಲನ್ನ ಮೆಲ್ಲಗೆ ಬಿಟ್ಟೆ. ಲೆಕ್ಕಕ್ಕೆ 9.8, ರೆಂಚಿನ ಸ್ವಂತ ತೂಕ ಸೇರಿ ಇನ್ನೊಂಚೂರು ಜಾಸ್ತಿ. 9ಕ್ಕೆ ಇಟ್ರೆ ಟಕ್ ಅಂತು, 11ಕ್ಕೆ ಇಟ್ರೆ ಸುಮ್ನಿತ್ತು. ಲ್ಯಾಬ್ ಕ್ಯಾಲಿಬ್ರೇಷನ್ ಅಲ್ಲ ಇದು, ಆದ್ರೆ ಡಬ್ಬಾ ಮಾಲಾದ್ರೆ ಇಲ್ಲೇ ಸಿಕ್ಕಾಕೊಳ್ಳುತ್ತೆ.

ಸಣ್ಣ ರೆಂಚಿಗೆ ಒಂದು ಕಷ್ಟ ಐತೆ, ಕ್ಲಿಕ್ಕು ತುಂಬಾ ಮೆತ್ತಗೆ, ದೊಡ್ಡದ್ರ ಥರ ಕೈ ಒದರೋದಿಲ್ಲ. ಕಂಪ್ರೆಸರ್ ಓಡ್ತಿದ್ರೆ ಕೇಳ್ಸೋದೇ ಇಲ್ಲ, ಕೇಳ್ಸಿಲ್ಲ ಅಂತ ಇನ್ನೊಂದ್ಸಲ ಎಳೆದ್ರೆ ಮತ್ತೆ ಲೇತ್ ಅಂಗಡಿ. ಅದಕ್ಕೆ ಈಗ ಹುಡುಗ ಕವರ್ ಬೋಲ್ಟ್ ಹಾಕೋವಾಗ ಕಂಪ್ರೆಸರ್ ಆಫ್ ಮಾಡ್ತಾನೆ, ಮೊದ್ಲು ಟಿ ಸ್ಪ್ಯಾನರಲ್ಲಿ ಎದುರುಬದುರು ಕೂರಿಸ್ಕೊಂಡು ಕೊನೇ ಬಿಗಿಗೆ ಮಾತ್ರ ರೆಂಚು. ಸಂಜೆ ರೆಂಚನ್ನ 5 ನ್ಯೂಟನ್ ಮೀಟರಿಗೆ ಇಳಿಸಿ ಡಬ್ಬಿಗೆ ಹಾಕ್ತಾನೆ, ಸ್ಪ್ರಿಂಗ್ ಬಿಗೀಲಿ ಇರಬಾರ್ದು. ಬಿಚ್ಚೋಕೆ ಅದನ್ನ ಮುಟ್ಟಂಗಿಲ್ಲ.

ಕಾರ್ಬ್ಯುರೇಟರ್ ಬೌಲಿನ ಸ್ಕ್ರೂಗೆ ಇದೂ ಆಗಲ್ಲ, ಅದು 5ಕ್ಕಿಂತ ಕೆಳಗೆ. ಅಲ್ಲಿ ಇನ್ನೂ ಸ್ಕ್ರೂಡ್ರೈವರ್ರು, ಎರಡು ಬೆರಳು, ಹುಡುಗ ಅಲ್ಲ, ನಾನೇ ಹಾಕೋದು.